ಕಾಮಾ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತಿನ ಬರಹ ರೂಪ)



 ನನಗಿಂತ ಮುಂಚೆ ಬಂದವರು ಭೂಮಿ ಬಗ್ಗೆ, ಹಾಸ್ಟೆಲ್ ಬಗ್ಗೆ, ಸ್ಕಾಲರ್‌ಶಿಪ್ ಬಗ್ಗೆ ಮಾತಾಡಿದರು. ಸಂಘದವರು ನನಗೆ ಕೊಟ್ಟ ವಿಷಯ, ಇಂಗ್ಲಿಷ್ ಬರವಣಿಗೆಯಲ್ಲಿ ಕಾಮಾ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಅಲ್ಪವಿರಾಮ ಅಂತ ಹೆಸರು. ನಾವ್ಯಾರೂ ಹಂಗೆ ಕರೆಯಲ್ಲ, ಕಾಮಾ ಅಂತಲೇ ಅಂತೀವಿ. ಹಿಂದಿನ ಸಾಲಿನ ಹುಡುಗರು ನಗೋದು ಮುಗಿಸಿದರೆ ಶುರು ಮಾಡ್ತೀನಿ.

ಇಷ್ಟು ಸಣ್ಣ ವಿಷಯಕ್ಕೆ ಮೈಕು ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು. ಬಾಬಾಸಾಹೇಬರಿಗೆ ಇದು ಸಣ್ಣ ವಿಷಯ ಆಗಿರಲಿಲ್ಲ. 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದವರು ತಮ್ಮ ವಾರ್ಷಿಕ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಕರೆದರು. ಹೆಸರೇ ಹೇಳುವಂತೆ ಜಾತಿ ಮುರಿಯಬೇಕು ಅನ್ನೋ ಸುಧಾರಕರ ಸಂಘ ಅದು, ಆದರೆ ಸವರ್ಣ ಹಿಂದೂಗಳದ್ದು. ಅಂಬೇಡ್ಕರರು ಭಾಷಣ ಬರೆದರು. ಮಂಡಲದವರು ಓದಿ ಗಾಬರಿಯಾದರು. ವೇದದ ಮಾತು ಯಾಕೆ, ಹಿಂದೂ ಧರ್ಮ ಬಿಡುವ ಮಾತು ಯಾಕೆ, ಸ್ವಲ್ಪ ತೆಗೆದು ತಿದ್ದಿ ಕೊಡಿ ಎಂದು ಪತ್ರ ಬರೆದರು. ಏಪ್ರಿಲ್ 27ರಂದು ಅವರು ಕೊಟ್ಟ ಉತ್ತರದಲ್ಲಿ ಒಂದು ಮಾತು ಐತೆ: ನೀವು ಮುಂಬೈಗೆ ಬಂದಾಗಲೇ ಹೇಳಿದ್ದೆ, ಇದರಲ್ಲಿ ಒಂದು ಕಾಮಾನೂ ಬದಲಿಸೋದಿಲ್ಲ ಅಂತ. ಸಮ್ಮೇಳನವೇ ನಿಂತುಹೋಯಿತು. ಆಡದೆ ಉಳಿದ ಆ ಭಾಷಣವನ್ನು ಅವರು ತಾವೇ 1500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳೊಳಗೆ ಅಷ್ಟೂ ಖಾಲಿ. ಅದೇ 'ಜಾತಿ ವಿನಾಶ'.

ಅದು ಹಟದ ಮಾತು ಅಂತ ಎಲ್ಲರೂ ಹೇಳ್ತಾರೆ. ಹೌದು, ಹಟವೇ. ಆದರೆ ನನಗೆ ಇನ್ನೊಂದು ಕಾಣಿಸ್ತದೆ. ಒಂದೊಂದು ಕಾಮಾನೂ ಗೊತ್ತಿದ್ದು ಹಾಕಿದವನು ಮಾತ್ರ ಹಂಗೆ ಹೇಳಬಲ್ಲ. ನಾವು ಬರೆದ ಕಾಗದವನ್ನು ಯಾರಾದರೂ ಹಿಡಿದು, ಈ ಕಾಮಾ ಇಲ್ಲಿ ಯಾಕೆ ಹಾಕಿದೆಯಪ್ಪ ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನಕ್ಕೆ ಉತ್ತರ ಗೊತ್ತು? ಬಹಳ ಜನ ಹಾಕೋದು ಉಸಿರು ನಿಂತ ಕಡೆ. ಕೆಲವರು ಚಂದ ಕಾಣಲಿ ಅಂತ.

ಇದು ಈಗ ಅರ್ಜೆಂಟು ಯಾಕೆ ಅಂದರೆ, 2021-22ರಿಂದ ನಮ್ಮ ರಾಜ್ಯದಲ್ಲಿ ಡಿಗ್ರಿ ಎಲ್ಲ ಇಂಗ್ಲಿಷ್ ಮೀಡಿಯಂ ಆಯಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಹೋಯಿತು, ಆದೋನಿ, ಆಲೂರು ತಾಲೂಕು ಆಂಧ್ರಕ್ಕೆ ಬಂದವು. ಅಂದಿನಿಂದ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು. ಈಗ ಪ್ರಾಜೆಕ್ಟ್ ರಿಪೋರ್ಟಿಗೆ ಇಂಗ್ಲಿಷು. ಕೌತಾಳಂ ಕಡೆಯ ಹುಡುಗಿ ತನ್ನೂರಿನ ಗುಳೆ ಬಗ್ಗೆ ಬರೆಯಬೇಕಾದರೂ ಇಂಗ್ಲಿಷಿನಲ್ಲೇ ಬರೆಯಬೇಕು. ಬರೆದದ್ದರಲ್ಲಿ ತಪ್ಪಿದ್ದರೆ ಓದುವವರು, ಇವಳು ಕೋಟಾದವಳು, ಇಷ್ಟೇ ಇವರ ಹಣೆಬರಹ ಅಂತ ಮೂಗು ಮುರಿಯೋಕೆ ಕಾಯ್ತಾ ಇರ್ತಾರೆ. ಅದೇ ತಪ್ಪು ಬೇರೆಯವರ ಮಕ್ಕಳು ಮಾಡಿದರೆ ಅದು ಪ್ರಿಂಟಿಂಗ್ ಮಿಸ್ಟೇಕು!

ಮೊದಲು, ಈ ತಪ್ಪು ಬರೋದು ಎಲ್ಲಿಂದ ಅಂತ ನೋಡೋಣ. ದಡ್ಡತನದಿಂದ ಅಲ್ಲ, ಕನ್ನಡದಿಂದ. ನಮ್ಮ ಭಾಷೆಗೆ ಕಾಮಾ ಅಷ್ಟಾಗಿ ಬೇಕಾಗಿಯೇ ಇಲ್ಲ. 'ಅಪ್ಪನೂ ಅವ್ವನೂ ಬಂದರು' ಅಂದರೆ ಆ 'ಊ' ಕಾರವೇ ಪೋಣಿಸುವ ಕೆಲಸ ಮಾಡ್ತದೆ. 'ಬಂದು, ಉಂಡು, ಮಲಗಿದ' ಅನ್ನೋದರಲ್ಲಿ ಕಾಮಾ ತೆಗೆದರೂ ಅರ್ಥ ಕೆಡಲ್ಲ. 'ಮಳೆ ಹೋಯಿತು, ಜನ ಗುಂಟೂರಿಗೆ ಹೋದರು' ಅಂತ ಎರಡು ಪೂರ್ತಿ ವಾಕ್ಯಗಳನ್ನು ಒಂದು ಕಾಮಾದಿಂದ ಕಟ್ಟಿದರೆ ಕನ್ನಡದಲ್ಲಿ ಯಾರೂ ಬೈಯಲ್ಲ. ಅದನ್ನೇ ಇಂಗ್ಲಿಷಿಗೆ ತಂದು, ಕನ್ನಡ ಅಕ್ಷರದಲ್ಲೇ ಹೇಳ್ತೀನಿ, 'ದಿ ರೇನ್ಸ್ ಫೇಲ್ಡ್, ದಿ ಪೀಪಲ್ ವೆಂಟ್ ಟು ಗುಂಟೂರ್' ಅಂತ ಬರೆದರೆ ಕೆಂಪು ಗೀಟು. ಇಂಗ್ಲಿಷಿನಲ್ಲಿ ಕಾಮಾಕ್ಕೆ ಎರಡು ಪೂರ್ತಿ ವಾಕ್ಯ ಎಳೆಯೋ ಶಕ್ತಿ ಇಲ್ಲ. ಅಲ್ಲಿ ಫುಲ್‌ಸ್ಟಾಪ್ ಇಡ್ರಿ, ಇಲ್ಲಾ ಸೆಮಿಕೋಲನ್ ಇಡ್ರಿ, ಇಲ್ಲಾ ಕಾಮಾದ ಮುಂದೆ ಒಂದು 'ಸೋ' ಸೇರಿಸ್ರಿ. 'ಬಿಕಾಸ್' ಹಾಕಿ ವಾಕ್ಯ ಶುರು ಮಾಡಿದರೆ, 'ಬಿಕಾಸ್ ದಿ ರೇನ್ಸ್ ಫೇಲ್ಡ್' ಆದಮೇಲೆ ಕಾಮಾ ಬರ್ತದೆ. 'ಹೌಎವರ್' ಅನ್ನೋ ಪದ ನಮ್ಮ ಹುಡುಗರಿಗೆ ಬಹಳ ಇಷ್ಟ. ಅದಕ್ಕೂ ಕಟ್ಟುವ ಶಕ್ತಿ ಇಲ್ಲ. ಎರಡು ವಾಕ್ಯದ ನಡುವೆ ಅದು ಬಂದರೆ ಅದರ ಹಿಂದೆ ಸೆಮಿಕೋಲನ್ನೋ ಫುಲ್‌ಸ್ಟಾಪೋ ಇರಬೇಕು, ಮುಂದೆ ಕಾಮಾ.

ಇಷ್ಟು ವ್ಯಾಕರಣ. ಈಗ ಹೇಳೋದು ಬರೀ ವ್ಯಾಕರಣ ಅಲ್ಲ, ಸ್ವಲ್ಪ ಗಮನ ಕೊಟ್ಟು ಕೇಳ್ರಿ.

'ಭೂಮಿ ಇಲ್ಲದ ದಲಿತ ಕುಟುಂಬಗಳು ಗುಂಟೂರಿಗೆ ಗುಳೆ ಹೋಗುತ್ತವೆ.' ಈ ಕನ್ನಡ ವಾಕ್ಯಕ್ಕೆ ಎರಡು ಅರ್ಥ. ದಲಿತರಲ್ಲಿ ಭೂಮಿ ಇಲ್ಲದವರು ಹೋಗ್ತಾರೆ ಅನ್ನೋದು ಒಂದು. ದಲಿತರಿಗೆ ಭೂಮಿಯೇ ಇಲ್ಲ, ಅವರು ಹೋಗ್ತಾರೆ ಅನ್ನೋದು ಇನ್ನೊಂದು. ಕನ್ನಡದಲ್ಲಿ ಸಂದರ್ಭ ನೋಡಿ ತಿಳ್ಕೊಳ್ತೀವಿ. ಇಂಗ್ಲಿಷು ಹಂಗೆ ಬಿಡೋದಿಲ್ಲ, ಯಾವುದು ಅಂತ ಹೇಳಿಸಿಯೇ ಹೇಳಿಸ್ತದೆ. 'ದಲಿತ್ ಫ್ಯಾಮಿಲೀಸ್ ಹೂ ಹ್ಯಾವ್ ನೋ ಲ್ಯಾಂಡ್ ಗೋ ಟು ಗುಂಟೂರ್', ಕಾಮಾ ಇಲ್ಲ. ಇದರ ಅರ್ಥ, ಭೂಮಿ ಇಲ್ಲದವರಷ್ಟೇ ಹೋಗ್ತಾರೆ. ಭೂಮಿ ಇರೋ ದಲಿತರೂ ಇದ್ದಾರೆ. ಈಗ 'ಹೂ' ಹಿಂದೊಂದು, 'ಲ್ಯಾಂಡ್' ಮುಂದೊಂದು ಕಾಮಾ ಇಡ್ರಿ. 'ದಲಿತ್ ಫ್ಯಾಮಿಲೀಸ್, ಹೂ ಹ್ಯಾವ್ ನೋ ಲ್ಯಾಂಡ್, ಗೋ ಟು ಗುಂಟೂರ್.' ಈಗ ಯಾವ ದಲಿತನಿಗೂ ಭೂಮಿ ಇಲ್ಲ, ಎಲ್ಲರೂ ಮೆಣಸಿನಕಾಯಿ ಬಿಡಿಸೋಕೆ ಹೋಗ್ತಾರೆ. ಸರ್ಕಾರದ ಪಟ್ಟಾ ಸಿಕ್ಕು ಎರಡು ಎಕರೆ ಮಾಡ್ಕೊಂಡು ಊರಲ್ಲೇ ನಿಂತವರು ಆ ರಿಪೋರ್ಟಿನಿಂದ ಮಾಯ. ಅವರ ಬೋರಿನ ಸಮಸ್ಯೆ, ಬ್ಯಾಂಕಿನ ಸಾಲದ ಸಮಸ್ಯೆ ಕೂಡ ಮಾಯ. ಎರಡು ಕಾಮಾ, ಅಷ್ಟೇ.

ಇನ್ನೊಂದು. 'ಎಸ್.ಸಿ. ಸ್ಟೂಡೆಂಟ್ಸ್ ಹೂ ಆರ್ ವೀಕ್ ಇನ್ ಇಂಗ್ಲಿಷ್ ನೀಡ್ ಕೋಚಿಂಗ್.' ಇಂಗ್ಲಿಷು ಕಷ್ಟ ಆಗಿರೋ ಎಸ್.ಸಿ. ಮಕ್ಕಳಿಗೆ ಕೋಚಿಂಗ್ ಬೇಕು. ನ್ಯಾಯವಾದ ಮಾತು. ಅದೇ ಜಾಗದಲ್ಲಿ ಎರಡು ಕಾಮಾ ಹಾಕಿದರೆ, ಎಸ್.ಸಿ. ಮಕ್ಕಳೆಲ್ಲ ಇಂಗ್ಲಿಷಿನಲ್ಲಿ ವೀಕು ಅಂತಾಯಿತು. ಬೈಗುಳದ ಒಂದು ಶಬ್ದ ಇಲ್ಲ ಅದರಲ್ಲಿ. ಬರೆದವರಿಗೂ ಗೊತ್ತಿರೋದಿಲ್ಲ, ಎಷ್ಟೋ ಸಲ ಓದಿದ ನಮಗೂ ಗೊತ್ತಾಗೋದಿಲ್ಲ. ಆದ್ದರಿಂದ ಈ ನಿಯಮ ಬರೆಯೋಕೆ ಎಷ್ಟು ಬೇಕೋ ಓದೋಕೂ ಅಷ್ಟೇ ಬೇಕು. ನಮ್ಮ ಬಗ್ಗೆ ಬರೆದ ರಿಪೋರ್ಟು ಕೈಗೆ ಬಂದರೆ 'ಹೂ' ಹಿಂದೆ ಕಾಮಾ ಐತೋ ಇಲ್ಲೋ ಮೊದಲು ನೋಡ್ರಿ.

ಇಂಥ ಕಾಮಾ ಜೋಡೆತ್ತಿನಂಗೆ. ಒಂದು ಬಂದರೆ ಇನ್ನೊಂದು ಬರಲೇಬೇಕು. ಶುರುವಿನಲ್ಲಿ ಹಾಕಿ ಕೊನೆಯಲ್ಲಿ ಮರೆಯೋದು ನಾನು ಅತಿ ಹೆಚ್ಚು ನೋಡಿರೋ ತಪ್ಪು. ಇದನ್ನು ಕಲಿಯೋಕೆ ಗೈಡು ಬೇಡ. ನಮ್ಮ ಸಂಘದ ಗೋಡೆ ಮೇಲೆ ಸಂವಿಧಾನದ ಪೀಠಿಕೆ ಐತಲ್ಲ, ಅದರ ಇಂಗ್ಲಿಷು ತೆಗೆದು ನೋಡ್ರಿ. 'ವಿ' ಆದಮೇಲೆ ಕಾಮಾ, 'ದಿ ಪೀಪಲ್ ಆಫ್ ಇಂಡಿಯಾ' ಆದಮೇಲೆ ಕಾಮಾ. ನಾವು ಅಂದರೆ ಯಾರು ಅಂತ ಆ ಎರಡು ಕಾಮಾದ ನಡುವೆ ಹೇಳಿದ್ದಾರೆ. ಕೊನೆಯಲ್ಲಿ ತಾರೀಖು ಬರೋ ಕಡೆ 1949ರ ಹಿಂದೊಂದು, ಮುಂದೊಂದು. ಇಡೀ ಪೀಠಿಕೆ ಒಂದೇ ವಾಕ್ಯ. ನ್ಯಾಯ, ಸ್ವಾತಂತ್ರ್ಯ, ಸಮಾನತೆ ಅಂತ ದೊಡ್ಡ ಭಾಗಗಳನ್ನು ಬೇರೆ ಮಾಡೋದು ಸೆಮಿಕೋಲನ್, ಅದರೊಳಗಿನ ಸಣ್ಣ ಪಟ್ಟಿಗಳಿಗೆ ಕಾಮಾ. 1976ರಲ್ಲಿ ಸಮಾಜವಾದಿ, ಜಾತ್ಯತೀತ ಅನ್ನೋ ಎರಡು ಪದ ಸೇರಿಸಿದರು ನೋಡ್ರಿ, ಅಲ್ಲಿ ಸಾಲಾಗಿ ನಿಂತ ವಿಶೇಷಣಗಳ ನಡುವೆ ಕಾಮಾ ಇಲ್ಲವೇ ಇಲ್ಲ.

ಪಟ್ಟಿಯಲ್ಲಿ ಕೊನೆಯ 'ಆಂಡ್' ಹಿಂದೆ ಕಾಮಾ ಬೇಕೋ ಬೇಡವೋ ಅನ್ನೋದು ಹಳೇ ಜಗಳ. ಪೀಠಿಕೆಯಲ್ಲಿ ಹಾಕಿಲ್ಲ. ಅಮೆರಿಕದ ಜರ್ನಲ್‌ಗಳು ಬಹುಮಟ್ಟಿಗೆ ಹಾಕ್ರಿ ಅಂತಾವೆ. ಎರಡೂ ಸರಿ, ಒಂದು ರಿಪೋರ್ಟಿನಲ್ಲಿ ಒಂದೇ ಪದ್ಧತಿ ಇರಲಿ. ಆದರೆ ಅರ್ಥ ಎರಡಾಗೋ ಕಡೆ ಹಾಕೋದೇ ಒಳ್ಳೇದು. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಅನ್ನೋ ಹಾಲಿನ ಕಂಪನಿ ಐತೆ. ಅಲ್ಲಿನ ಲಾರಿ ಡ್ರೈವರುಗಳು ಓವರ್‌ಟೈಮ್ ಕೂಲಿ ಕೇಳಿದರು. ಯಾವ್ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಅನ್ನೋ ಕಾನೂನಿನ ಪಟ್ಟಿಯಲ್ಲಿ ಕೊನೆಯ 'ಆರ್' ಹಿಂದೆ ಕಾಮಾ ಇರಲಿಲ್ಲ. ಹಂಗಾಗಿ ಹಾಲು ಹಂಚೋದು ಆ ಪಟ್ಟಿಯಲ್ಲಿ ಬೇರೆ ಕೆಲಸವೋ, ಹಂಚೋಕೆ ಪ್ಯಾಕ್ ಮಾಡೋದಷ್ಟೇ ಪಟ್ಟಿಯಲ್ಲಿ ಐತೋ ಅಂತ ಗೊಂದಲ. 2017ರಲ್ಲಿ ಮೇಲಿನ ಕೋರ್ಟು ಡ್ರೈವರುಗಳ ಕಡೆ ನಿಂತಿತು. ಮುಂದಿನ ವರ್ಷ ಕಂಪನಿ 50 ಲಕ್ಷ ಡಾಲರಿಗೆ ರಾಜಿ ಮಾಡ್ಕೊಂತು. ಕೂಲಿ ಜನಕ್ಕೆ ಕಾಮಾದಿಂದ ದುಡ್ಡು ಬಂದದ್ದು ಕೇಳಿದ್ರಾ? ಇದು ಅದು.

ನಮ್ಮ ಸುಪ್ರೀಂ ಕೋರ್ಟಿನಲ್ಲೂ ಆಗೈತೆ. 1979ರ ಮಹಮ್ಮದ್ ಶಬ್ಬೀರ್ ಕೇಸು. ಔಷಧಿ ಕಾನೂನಿನ 27ನೇ ಕಲಮಿನಲ್ಲಿ, ಔಷಧಿ ಇಟ್ಟುಕೊಳ್ಳೋದು ಅನ್ನೋದರ ಮುಂದೆ ಕಾಮಾ ಇಲ್ಲ. ಆದ್ದರಿಂದ ಮಾರೋಕೆ ಇಟ್ಟುಕೊಂಡರೆ ಮಾತ್ರ ಈ ಕಲಮಿನ ಅಪರಾಧ, ಸುಮ್ಮನೆ ಇಟ್ಟುಕೊಂಡರೆ ಅಲ್ಲ ಅಂತ ಕೋರ್ಟು ಹೇಳಿತು. ಹಂಗಂತ ಕೋರ್ಟಿನಲ್ಲಿ ಕಾಮಾದ್ದೇ ಕೊನೇ ಮಾತು ಅಂತ ತಿಳೀಬೇಡ್ರಿ. ಕಾನೂನಿನ ಅರ್ಥ ಹುಡುಕುವಾಗ ಇಂಥ ಚಿಹ್ನೆಗಳ ಪಾತ್ರ ಚಿಕ್ಕದು ಅಂತ ಅದೇ ಕೋರ್ಟು 1952ರಲ್ಲೇ ಹೇಳೈತೆ. ಪದಗಳೇ ಸ್ಪಷ್ಟ ಇದ್ದರೆ ಕಾಮಾ ಅವನ್ನು ತಿರುಗಿಸೋಕಾಗೋದಿಲ್ಲ.

ಪಟ್ಟಿ ಅಂದಾಗ ನಮ್ಮದೇ ಪಟ್ಟಿ ನೆನಪಾಗ್ತದೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಒಂದೊಂದು ನಂಬರಿಗೆ ಒಂದು ಜಾತಿಯೋ, ಕಾಮಾ ಹಾಕಿ ಹಲವು ಹೆಸರೋ ಇರ್ತವೆ. ಕರ್ನಾಟಕದ ಪಟ್ಟಿಯಲ್ಲಿ ಹೊಲಯ, ಹೊಲೇರ್, ಹೊಲೆಯ ಅಂತ ಮೂರು ರೂಪ ಒಂದೇ ನಂಬರಿನಲ್ಲಿವೆ. ಮಾದಿಗ ಬೇರೆ ನಂಬರು. ಅಲ್ಲಿ ಕಾಮಾ ಒಂದೇ ಮನೆಯೊಳಗಿನ ಗೋಡೆ, ನಂಬರು ಮನೆಯಿಂದ ಮನೆಗೆ ಇರೋ ಗೋಡೆ. ಪ್ರಾಜೆಕ್ಟಿನಲ್ಲಿ ನಮ್ಮ ಜಾತಿಗಳ ಹೆಸರು ಬರೆಯುವಾಗ ಅಂದಾಜಿಗೆ ಬರೀಬೇಡ್ರಿ, ನಿಮ್ಮ ರಾಜ್ಯದ ಪಟ್ಟಿ ಎದುರಿಗಿಟ್ಟುಕೊಂಡು, ಅದರಲ್ಲಿ ಹೆಂಗೈತೋ ಹಂಗೆ ಇಳಿಸ್ರಿ.

ಇನ್ನು ಚಿಲ್ಲರೆ ವಿಷಯಗಳು, ಬೇಗ ಹೇಳಿಬಿಡ್ತೀನಿ. ಕರ್ತೃ ಎಷ್ಟೇ ಉದ್ದ ಇರಲಿ, ಅದರ ಮತ್ತು ಕ್ರಿಯಾಪದದ ನಡುವೆ ಒಂಟಿ ಕಾಮಾ ಬೇಡ. 'ದಿ ಪೀಪಲ್ ಆಫ್ ದಿ ವಿಲೇಜಸ್ ಅರೌಂಡ್ ಕೋಸಿಗಿ ಆಂಡ್ ಕೌತಾಳಂ, ಗೋ' ಅಂತ ಉಸಿರು ತಗೊಳ್ಳೋಕೆ ನಿಲ್ಲಬೇಡ್ರಿ. ಆಧಾರ ಕೊಡುವಾಗ ಎಪಿಎ ಪದ್ಧತಿಯಲ್ಲಿ ಅಂಬೇಡ್ಕರ್ ಕಾಮಾ 1936. ಎಂಎಲ್ಎ ಪದ್ಧತಿಯಲ್ಲಿ ಹೆಸರು, ಪುಟದ ನಂಬರು, ನಡುವೆ ಕಾಮಾ ಇಲ್ಲ. ನಿಮ್ಮ ಕಾಲೇಜು ಯಾವುದು ಕೇಳ್ತದೋ ಅದು. ಲೆಕ್ಕದಲ್ಲಿ ನಾವು 1,50,000 ಅಂತ ಬರೀತೀವಿ, ಹೊರದೇಶದ ಜರ್ನಲ್ಲಿಗೆ 150,000 ಅಂತ ಬರೀಬೇಕು. ದುಡ್ಡು ಅಷ್ಟೇ, ಕಾಮಾ ಜಾಗ ಬದಲು.

ಕಂಪ್ಯೂಟರಿನಲ್ಲಿ ತಿದ್ದೋ ಸಾಫ್ಟ್‌ವೇರ್ ಐತಲ್ಲಣ್ಣ ಅಂತ ಒಬ್ಬ ತಮ್ಮ ಆಗಲೇ ಕೇಳಿದ. ಐತೆ, ಬಳಸ್ರಿ. ಎರಡು ವಾಕ್ಯ ಅಂಟಿಕೊಂಡಿದ್ದನ್ನು ಅದು ಹಿಡೀತದೆ. ಆದರೆ ನಿಮ್ಮೂರಲ್ಲಿ ಭೂಮಿ ಇರೋ ದಲಿತರು ಇದ್ದಾರೋ ಇಲ್ಲೋ ಅಂತ ಅದಕ್ಕೇನು ಗೊತ್ತು? 'ಹೂ' ಹಿಂದಿನ ಕಾಮಾ ನೀವೇ ನಿರ್ಧರಿಸಬೇಕು.

ಈ ವರ್ಷ ಪ್ರಾಜೆಕ್ಟ್ ಬರೆಯುತ್ತಿರೋರು ಭಾನುವಾರ ಬೆಳಿಗ್ಗೆ ಸಂಘದ ರೂಮಿಗೆ ಬರ್ರಿ. ಬರೆದದ್ದು ಎಷ್ಟಿದ್ದರೆ ಅಷ್ಟು ತರ್ರಿ, ಎರಡು ಪುಟವಾದರೂ ಸಾಕು. ಕೂತು ಒಂದೊಂದು ಕಾಮಾನೂ ಯಾಕೆ ಅಂತ ಕೇಳ್ತೀನಿ. ಪೆನ್ಸಿಲ್ ತರ್ರಿ, ಪೆನ್ನು ಬೇಡ.