ಮೂಲೆಯಲ್ಲಿ ಕುಳಿತ ಆಟಗಾರ

(ಸಂಘದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ದಿನವಿಡೀ ನಿಂತು ದುಡಿದು, ಕಾಲು ಸೋತು ಬಂದು ಇಲ್ಲಿ ಕುಳಿತಿದ್ದೀರಿ. ಇಂಥ ಹೊತ್ತಿನಲ್ಲಿ ಉದ್ದುದ್ದ ಉಪದೇಶ ಯಾರಿಗೂ ಬೇಡ. ಆದುದರಿಂದ ಇಂದು ನಾವು ಒಬ್ಬ ಆಟಗಾರರ ಕಥೆಯನ್ನು ಹೇಳಬೇಕೆಂದಿದ್ದೇವೆ. ದೇಶ ದೂರದ ಆಸ್ಟ್ರೇಲಿಯ. ಹೆಸರು ಡಗ್ಲಸ್ ನಿಕಲ್ಸ್. ಜನ ಕರೆದದ್ದು ಡಗ್ ಎಂದು.

ಮೊದಲು ಆಟದ ಮಾತು. ಆಸ್ಟ್ರೇಲಿಯದವರ ಫುಟ್‌ಬಾಲು ನಾವು ಕಂಡ ಫುಟ್‌ಬಾಲಲ್ಲ. ಮೈದಾನವೂ ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರ. ಒಂದೊಂದು ಪಕ್ಷದಲ್ಲಿ 18 ಜನ. ಚೆಂಡನ್ನು ಒದೆಯಬಹುದು, ಕೈಯಲ್ಲಿ ಹಿಡಿದು ಓಡಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ಕೊಡಬಹುದು, ಎಸೆಯಕೂಡದು. ನಡುವಣ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಕಂಬದೊಳಗೆ ಹೋದರೆ ಒಂದೇ ಅಂಕ. ಇದರ ನಿಯಮಗಳನ್ನು 1859ರಲ್ಲಿ ಮೆಲ್ಬೋರ್ನ್ ನಗರದಲ್ಲಿ ಬರೆದರು. ಎತ್ತರದ ಆಳುಗಳಿಗೆ ಹೇಳಿ ಮಾಡಿಸಿದ ಆಟ. ನಮ್ಮ ಡಗ್ ಅವರ ಎತ್ತರವೋ, 5 ಅಡಿ 2 ಅಂಗುಲ!

ಅವರು ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಮರೆ ನದಿಯ ದಡದ ಕಮರಗಂಜ ಎಂಬ ಹಾಡಿಯಲ್ಲಿ. ಆ ನೆಲದ ಮೂಲನಿವಾಸಿಗಳಾದ ಯೋರ್ಟಾ ಯೋರ್ಟಾ ಜನರ ಮನೆತನ. ತಾವು ಹುಟ್ಟಿದ ನೆಲದಲ್ಲಿಯೇ ಆ ಜನ ಸರಕಾರದ ಮೇನೇಜರನ ಕೈಕೆಳಗೆ, ಅಳೆದು ಕೊಡುವ ರೇಷನ್ನಿನ ಮೇಲೆ ಬದುಕಬೇಕಾಗಿತ್ತು. ಡಗ್ ಇನ್ನೂ ಎಂಟು ವರ್ಷದ ಹುಡುಗನಾಗಿದ್ದಾಗ ಒಂದು ದಿನ ಪೊಲೀಸರು ಬಂದರು. ಅವನ ಕಣ್ಣೆದುರಿನಲ್ಲಿಯೇ 16 ವರ್ಷದ ಅಕ್ಕ ಹಿಲ್ಡಾಳನ್ನು ಬಲವಂತದಿಂದ ಕರೆದೊಯ್ದರು. ಕಳ್ಳತನವೆ? ಅಪರಾಧವೆ? ಏನೂ ಅಲ್ಲ. ಮೂಲನಿವಾಸಿಗಳ ಹೆಣ್ಣುಮಕ್ಕಳನ್ನು ತಂದೆತಾಯಿಗಳಿಂದ ಬಿಡಿಸಿ, ಬಿಳಿಯರ ಮನೆಗೆಲಸಕ್ಕೆ ತಯಾರು ಮಾಡುವುದು ಅಂದಿನ ಸರಕಾರದ ಪದ್ಧತಿಯಾಗಿತ್ತು.

ಹದಿನಾಲ್ಕಕ್ಕೆ ಅವನ ಶಾಲೆ ಮುಗಿಯಿತು. ಕುರಿಗಳ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಕೆಲಸ: ಕತ್ತರಿ ತಾಗಿ ಕುರಿಯ ಮೈ ಹರಿದಲ್ಲಿ ಓಡಿ ಹೋಗಿ ಡಾಂಬರು ಬಳಿಯುವುದು. ಹದಿನಾಲ್ಕಕ್ಕೆ ದುಡಿಮೆಗೆ ಬೀಳುವುದೆಂದರೇನೆಂದು ಈ ಸಭೆಯಲ್ಲಿ ಹಲವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ.

ಬಿಡುವಿನಲ್ಲಿ ಆಡುತ್ತಿದ್ದ ಫುಟ್‌ಬಾಲು ಅವರನ್ನು 1927ರಲ್ಲಿ ಮೆಲ್ಬೋರ್ನಿಗೆ ತಂದಿತು. ಕಾರ್ಲ್ಟನ್ ಎಂಬ ದೊಡ್ಡ ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ನಿಂತರು. ಆಟದಲ್ಲಿ ತಪ್ಪು ಹಿಡಿಯುವವರಿರಲಿಲ್ಲ, ಮೈಬಣ್ಣದಲ್ಲಿ ಹಿಡಿದರು. ಜೊತೆಯ ಆಟಗಾರರು ಮೈವಾಸನೆಯ ನೆಪ ತೆಗೆದರೆಂದೂ, ಆಟಗಾರರ ಮೈ ತಿಕ್ಕುವವನು ಇವರನ್ನು ಮುಟ್ಟಲೊಪ್ಪಲಿಲ್ಲವೆಂದೂ ಹೇಳುತ್ತಾರೆ. ಡಗ್ ಅಲ್ಲಿಂದ ಹೊರಬಿದ್ದರು. ಬಂಧುಗಳೆ, ಇದನ್ನು ಕೇಳಿ ‘ಬಿಳಿಯರ ಬುದ್ಧಿಯೇ ಹಾಗೆ’ ಎಂದು ನಾವು ಸುಮ್ಮನಾಗುವಂತಿಲ್ಲ. ಒಬ್ಬನಿಗೆ ಬೇರೆ ಲೋಟ ಇಟ್ಟ ಊರುಗಳು ನಮ್ಮವೂ ಹೌದು.

ನಾರ್ತ್‌ಕೋಟ್ ಎಂಬ ಇನ್ನೊಂದು ಕ್ಲಬ್ಬು ಅವರನ್ನು ಸೇರಿಸಿಕೊಂಡಿತು. ಮೈದಾನದ ಅಂಚಿನಲ್ಲಿ ಗಾಳಿಯಂತೆ ಓಡುವ ಆ ಗಿಡ್ಡ ಆಳನ್ನು ನೋಡಲೆಂದೇ ಜನ ಬರತೊಡಗಿದರು. 1929ರಲ್ಲಿ ಆ ಕ್ಲಬ್ಬು ತನ್ನ ಪಂಗಡದ ಅಗ್ರಸ್ಥಾನ ಗೆದ್ದಿತು. ಅದೇ ವರ್ಷ ಹಣದ ಪಂದ್ಯದ ಎರಡು ದೊಡ್ಡ ಓಟಗಳಲ್ಲಿ ಡಗ್ ಅವರೇ ಮೊದಲಿಗರು. ಊರೂರು ಸುತ್ತುವ ಡೇರೆಯಲ್ಲಿ ಮುಷ್ಟಿಯುದ್ಧವನ್ನೂ ಮಾಡಿದರು. ಹೊಟ್ಟೆಪಾಡು ಯಾವುದನ್ನು ಮಾಡಿಸುವುದಿಲ್ಲ!

1932ರಲ್ಲಿ ಫಿಟ್ಸ್‌ರಾಯ್ ಕ್ಲಬ್ಬು ಕರೆಯಿತು. ಇದು ಮೇಲಿನ ದರ್ಜೆಯ ಕ್ಲಬ್ಬು. ಬಟ್ಟೆ ಬದಲಿಸುವ ಕೋಣೆಗೆ ಹೋದರು. ಕಾರ್ಲ್ಟನ್ನಿನ ನೆನಪು ಮನಸ್ಸಿನಲ್ಲಿ ಮಾಸಿರಲಿಲ್ಲವೆಂದು ತೋರುತ್ತದೆ. ಯಾರ ಬಳಿಗೂ ಹೋಗದೆ ಒಂದು ಮೂಲೆಯಲ್ಲಿ ಒಬ್ಬರೇ ಕುಳಿತರು. ಆಗ ಹೇಡನ್ ಬಂಟನ್ ಎಂಬಾತ ತಾನಾಗಿ ಹೋಗಿ ಅವರ ಪಕ್ಕಕ್ಕೆ ಸೇರಿ ಗೆಳೆತನ ಮಾಡಿದ. ಹೆಸರು ಕೇಳಿ ನಮ್ಮ ಕಡೆಯವನೆಂದು ತಿಳಿಯಬೇಡಿ, ಆತ ಬಿಳಿಯ. ಅಷ್ಟೇ ಅಲ್ಲ, ಹಿಂದಿನ ವರ್ಷವಷ್ಟೇ ಇಡೀ ಲೀಗಿನ ಅತ್ಯುತ್ತಮ ಆಟಗಾರನೆಂಬ ಪದಕ ಪಡೆದವನು. ಅಂಥವನು ಪಕ್ಕದಲ್ಲಿ ಕುಳಿತ ಮೇಲೆ ಉಳಿದವರಿಗೆ ದೂರವಿರಲು ಯಾವ ನೆಪವಿತ್ತು?

ಡಗ್ ಅಲ್ಲಿ 1937ರ ವರೆಗೆ 54 ಪಂದ್ಯಗಳನ್ನು ಆಡಿದರು. 1935ರಲ್ಲಿ ವಿಕ್ಟೋರಿಯ ಪ್ರಾಂತದ ಪರವಾಗಿ ಆಡಲು ಆಯ್ಕೆಯಾದರು. ಮೂಲನಿವಾಸಿಯೊಬ್ಬನಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಕೊನೆಗೆ ಮೊಣಕಾಲಿನ ಪೆಟ್ಟು ಆಟವನ್ನು ನಿಲ್ಲಿಸಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾವು ಇದನ್ನು ಇಂದು ಎತ್ತುತ್ತಿರಲಿಲ್ಲ. ಮೈದಾನದಲ್ಲಿ ಸಾವಿರಾರು ಜನ ಚಪ್ಪಾಳೆ ತಟ್ಟಿದರು, ನಿಜ. ಆದರೆ ಕಮರಗಂಜದ ಹಾಡಿಯಲ್ಲಿ ರೇಷನ್ನು ಹೆಚ್ಚಲಿಲ್ಲ. 1939ರ ಫೆಬ್ರವರಿಯಲ್ಲಿ ಅಲ್ಲಿಯ 150ಕ್ಕೂ ಹೆಚ್ಚು ಜನ ಮೇನೇಜರನ ದಬ್ಬಾಳಿಕೆಯನ್ನು ಸಹಿಸಲಾರದೆ, ಗಂಟುಮೂಟೆ ಕಟ್ಟಿ, ಮಕ್ಕಳುಮರಿ ಸಮೇತ ನದಿ ದಾಟಿ ಹೊರಟುಬಿಟ್ಟರು. ಮುಷ್ಕರವೆಂದರೆ ಏನೆಂದು ಬಲ್ಲ ನಿಮಗೆ ಅದರ ಭಾರ ತಿಳಿದೀತು: ಅವರು ಬಿಟ್ಟದ್ದು ಕೆಲಸವನ್ನಲ್ಲ, ಮನೆಯನ್ನು. ತಮ್ಮ ಜನಕ್ಕಾಗಿ ಡಗ್ ಅವರು ನಗರದಲ್ಲಿ ನಿಂತು ಮಾತಾಡಿದರು. ಆಟಗಾರನನ್ನು ನೋಡಲು ಬಂದವರು ಆ ಜನರ ಕಷ್ಟವನ್ನೂ ಕೇಳಿ ಹೋಗುವಂತಾಯಿತು.

ಅಲ್ಲಿಂದ ಮುಂದೆ ಅದೇ ಅವರ ಬಾಳು. ಫಿಟ್ಸ್‌ರಾಯ್ ಬಡಾವಣೆಯಲ್ಲಿ ಪಾದ್ರಿಯಾಗಿ, ಹಳ್ಳಿಗಳಿಂದ ಬಂದು ದಿಕ್ಕುಗಾಣದ ತಮ್ಮವರಿಗೆ ಆಸರೆಯಾದರು. 1956ರಲ್ಲಿ ಪತ್ನಿ ಗ್ಲಾಡಿಸ್ ಅವರೊಡನೆ ಸೇರಿ ತಮ್ಮವರ ಹೆಣ್ಣುಮಕ್ಕಳಿಗಾಗಿ ಒಂದು ವಸತಿಗೃಹ ತೆರೆದರು. ಅಕ್ಕನನ್ನು ಕಳೆದುಕೊಂಡ ತಮ್ಮನ ಕೈಯಿಂದ ಆದ ಕೆಲಸವಿದು. 1967ರಲ್ಲಿ, ಸಂವಿಧಾನದಲ್ಲಿ ಮೂಲನಿವಾಸಿಗಳನ್ನು ಬೇರೆಯಾಗಿ ಕಂಡ ಮಾತುಗಳನ್ನು ತೆಗೆಯಬೇಕೆ ಎಂದು ಜನಮತ ಕೇಳಿದಾಗ, ಪ್ರಚಾರಕ್ಕೆ ನಿಂತವರಲ್ಲಿ ಅವರೂ ಒಬ್ಬರು. ಮತ ಹಾಕಿದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಹೌದೆಂದರು. 1972ರಲ್ಲಿ ‘ಸರ್’ ಪದವಿ ಬಂದಿತು. 1976ರಲ್ಲಿ ದಕ್ಷಿಣ ಆಸ್ಟ್ರೇಲಿಯದ ರಾಜ್ಯಪಾಲರಾದರು. ಅನಾರೋಗ್ಯದಿಂದ ಕೆಲವೇ ತಿಂಗಳಲ್ಲಿ ಬಿಡಬೇಕಾಯಿತಾದರೂ, ಡಾಂಬರು ಬಳಿದ ಕೈ ರಾಜಭವನದಲ್ಲಿ ರುಜು ಹಾಕಿತು. 1988ರಲ್ಲಿ ತೀರಿಕೊಂಡರು. 2016ರಿಂದ ಅಲ್ಲಿಯ ಲೀಗು ಮೂಲನಿವಾಸಿಗಳ ಗೌರವಾರ್ಥ ನಡೆಸುವ ಸುತ್ತಿಗೆ ಅವರ ಹೆಸರನ್ನೇ ಇಟ್ಟಿದೆ.

ಬಂಧುಗಳೆ, ರಾಜಭವನ ನಮ್ಮ ನಿಮ್ಮ ಪಾಲಿಗೆ ದೂರ. ಆದರೆ ಆ ಕೋಣೆಯ ಮೂಲೆ ದೂರವಿಲ್ಲ. ನಮ್ಮ ಖೋಲಿಗಳಲ್ಲಿ, ಹೋಟೆಲಿನ ಅಟ್ಟದ ಮೇಲೆ, ಊರಿನಿಂದ ನಿನ್ನೆ ಬಂದ ಹುಡುಗನೊಬ್ಬ ಟ್ರಂಕಿನ ಮೇಲೆ ಒಬ್ಬನೇ ಕುಳಿತಿರುತ್ತಾನೆ. ಅವನ ಜಾತಿ ಯಾವುದು, ಜಿಲ್ಲೆ ಯಾವುದು ಎಂದು ಕೇಳುವವರು ಬೇಕಾದಷ್ಟಿದ್ದಾರೆ. ಊಟವಾಯಿತೆ ತಮ್ಮಾ ಎಂದು ಕೇಳಿ ಪಕ್ಕದಲ್ಲಿ ಕುಳಿತುಕೊಳ್ಳುವವರು ನಾವಾಗೋಣ. ಸಂಘದ ಕೆಲಸ ಅಲ್ಲಿಂದಲೇ ಆರಂಭ.