ಗಂಡೋ ಹೆಣ್ಣೋ, ತೀರ್ಮಾನ ಯಾರದು?

ಮಳವಳ್ಳಿ, ಮದ್ದೂರಿನ ಹುಳು ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಮೇಯುವ ರೇಷ್ಮೆ ಹುಳು ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ತಾಯಿ ಪತಂಗ. ಅದರ ಮೊಟ್ಟೆಯಲ್ಲಿ ಡಬ್ಲ್ಯೂ ವರ್ಣತಂತು ಇದ್ದರೆ ಹೆಣ್ಣು, ಝಡ್ ಇದ್ದರೆ ಗಂಡು. ನಾಟಿ ಕೋಳಿಯದೂ ಇದೇ ಲೆಕ್ಕ. ಜೇನಿನಲ್ಲಿ ಫಲಿತವಾಗದ ಮೊಟ್ಟೆಯೇ ಗಂಡಾಗುತ್ತದೆ.

ರಂಗನತಿಟ್ಟಿನ ಮೊಸಳೆಗೆ ಈ ವರ್ಣತಂತುಗಳ ಹಂಗಿಲ್ಲ. ಗುಂಡಿಯಲ್ಲಿ ಹೂತ ಮೊಟ್ಟೆಗಳ ಕಾವು 31 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಹೆಣ್ಣುಮರಿ, 32.5ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು.

ಮನುಷ್ಯರಲ್ಲಿ ತಾಯಿ ಕೊಡುವುದು ಎಕ್ಸ್ ಒಂದನ್ನೇ. ಎಕ್ಸೋ ವೈಯೋ ಎಂಬುದು ತಂದೆಯ ವೀರ್ಯಾಣುವಿನಲ್ಲಿರುತ್ತದೆ. ಹೆಣ್ಣು ಹೆತ್ತಳೆಂಬ ಬೈಗುಳ ಮಾತ್ರ ಸೊಸೆಗೆ! ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲೇ, ಸ್ಕ್ಯಾನಿಂಗ್ ಯಂತ್ರವಿಟ್ಟು ಆ ದಂಧೆ ನಡೆಸುತ್ತಿದ್ದುದನ್ನು ಪೊಲೀಸರು ಬಯಲಿಗೆಳೆದರು.