ಫ್ಯಾನ್ ಸುಟ್ಟಿರಲಿಲ್ಲ, ಕೆಪಾಸಿಟರ್ ಸೊರಗಿತ್ತು

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಕರೆಂಟಿನ ಬಗ್ಗೆ ಗೊತ್ತಿರೋದೆಲ್ಲ ಮನೇಲಿ ಏನಾದ್ರೂ ಕೆಟ್ಟಾಗ ಕಲಿತದ್ದು. ಈ ಸಲ ಕೆಟ್ಟದ್ದು ಸೀಲಿಂಗ್ ಫ್ಯಾನ್. ದಾವಣಗೆರೆಯ ಏಪ್ರಿಲ್ ಸೆಕೆ ಗೊತ್ತಲ್ಲ? ರೆಗ್ಯುಲೇಟರ್ 5ಕ್ಕೆ ಇಟ್ರೂ ರೆಕ್ಕೆ ಎಣಿಸಬಹುದು, ಅಷ್ಟು ನಿಧಾನ. ರಿಪೇರಿಗೆ ಬಂದವರು ಕೆಳಗಿಂದಲೇ ನೋಡಿ, "ವೈಂಡಿಂಗ್ ಹೋಗಿದೆ, ಹೊಸ ಫ್ಯಾನ್ ತಗೊಳ್ಳಿ" ಅಂದ್ರು. ಅಮ್ಮ ದುಡ್ಡು ತೆಗೆದಿಟ್ಟೂ ಆಗಿತ್ತು.

ನನಗ್ಯಾಕೋ ಅನುಮಾನ. ಸುಟ್ಟ ವಾಸನೆ ಇರ್ಲಿಲ್ಲ. ಫ್ಯಾನ್ ಒಳಗೆ ಎರಡು ವೈಂಡಿಂಗ್ ಇರುತ್ತೆ. ಒಂದರ ಕರೆಂಟನ್ನ ಇನ್ನೊಂದಕ್ಕಿಂತ ಸ್ವಲ್ಪ ಮುಂದೆ ಓಡಿಸೋದು ಕೆಪಾಸಿಟರ್. ಆ ಅಂತರದಿಂದಲೇ ತಿರುಗೋ ಬಲ ಬರೋದು. ಅದು ಸೊರಗಿದ್ರೆ ಫ್ಯಾನೂ ಸೊರಗುತ್ತೆ.

ಮೇನ್ ಸ್ವಿಚ್ಚೇ ಆಫ್ ಮಾಡಿ ಸ್ಟೂಲ್ ಹತ್ತಿದೆ. ಇಲ್ಲಿ ಒಂದು ನಿಮಿಷ ನಿಲ್ಲಿ. ನಮ್ಮ ಮನೆಯ 230 ವೋಲ್ಟ್ ಎಸಿ, ತುದಿ ಮುಟ್ಟಿದಾಗ ಸುಮಾರು 325 ವೋಲ್ಟ್. ಸಾಮಾನ್ಯವಾಗಿ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ವೈಂಡಿಂಗ್ ಮೂಲಕವೇ ಇಳಿದುಹೋಗುತ್ತೆ. ಆದರೆ ಒಳಗೆ ವೈರ್ ತುಂಡಾಗಿದ್ರೆ ಅಲ್ಲೇ ಕೂತಿರುತ್ತೆ. ಆ ಹೊಡೆತಕ್ಕಿಂತ, ಬೆಚ್ಚಿ ಸ್ಟೂಲಿಂದ ಬೀಳೋದೇ ದೊಡ್ಡ ಅಪಾಯ. ನಾನು ಹೋಲ್ಡರಿಗೆ ಹಾಕಿದ ಹಳೇ ಫಿಲಮೆಂಟ್ ಬಲ್ಬಿನ ಎರಡು ವೈರನ್ನ ಕೆಪಾಸಿಟರ್‌ನ ಎರಡೂ ತುದಿಗೆ ಮುಟ್ಟಿಸಿ, ಆಮೇಲೆ ಬಿಚ್ಚಿದೆ.

ಈಗ ಮಲ್ಟಿಮೀಟರ್. ಎಲ್ಲ ಅಗ್ಗದ ಮೀಟರಲ್ಲೂ ಕೆಪಾಸಿಟರ್ ಅಳೆಯೋ ಸೌಲಭ್ಯ ಇರೋಲ್ಲ. ಡಯಲ್ ಮೇಲೆ ಅಕ್ಕಪಕ್ಕ ನಿಂತ ಎರಡು ಗೆರೆಯ ಗುರುತು ಇದೆಯಾ ನೋಡಿ. ಅದು ಮಾಡೋದಿಷ್ಟೇ: ಗೊತ್ತಿರೋ ಅಳತೆಯ ಕರೆಂಟು ಬಿಟ್ಟು, ವೋಲ್ಟೇಜ್ ಏರೋಕೆ ಎಷ್ಟು ಹೊತ್ತು ಬೇಕು ಅಂತ ನೋಡುತ್ತೆ. ನಲ್ಲಿ ಒಂದೇ ಸಮ ಬಿಟ್ಟು ಬಿಂದಿಗೆ ತುಂಬೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ, ಬಿಂದಿಗೆ ಎಷ್ಟು ದೊಡ್ಡದು ಅಂತ ಹೇಳಿದ ಹಾಗೆ. ಅದಕ್ಕೇ ಬಿಚ್ಚಿಯೇ ಅಳೀಬೇಕು. ಫ್ಯಾನಿಗೆ ಜೋಡಿಸಿದ್ರೆ ಪಕ್ಕದಲ್ಲಿ ವೈಂಡಿಂಗ್ ಅನ್ನೋ ತೂತು ಇರುತ್ತಲ್ಲ, ನೀರು ಅಲ್ಲಿಂದ ಸೋರುತ್ತೆ. ಎರಡು ತುದೀನೂ ಬೆರಳಲ್ಲಿ ಹಿಡೀಬೇಡಿ, ನಿಮ್ಮ ಮೈಯೂ ಸೋರುತ್ತೆ.

ಮೈ ಮೇಲೆ ಬರೆದಿದ್ದು 2.5 ಮೈಕ್ರೋಫ್ಯಾರಡ್, 5 ಪರ್ಸೆಂಟ್ ಹೆಚ್ಚುಕಮ್ಮಿ. ಅಂದ್ರೆ ಹೆಚ್ಚೂಕಮ್ಮಿ 2.38ರಿಂದ 2.62. ಮೀಟರ್ ತೋರಿಸಿದ್ದು 1.32. ಅರ್ಧಕ್ಕೆ ಬಂದಿತ್ತು! ಇದರಲ್ಲಿ ಮೋಸ ಏನಿಲ್ಲ. ಒಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ತೆಳು ಲೇಪ ಇರುತ್ತೆ. ಹಾಳೆ ಎಲ್ಲಾದ್ರೂ ತೂತಾದ್ರೆ ಸುತ್ತಲಿನ ಲೋಹ ಆವಿಯಾಗಿ, ಶಾರ್ಟ್ ಆಗದ ಹಾಗೆ ತನ್ನನ್ನ ತಾನೇ ಕಾಪಾಡಿಕೊಳ್ಳುತ್ತೆ. ಪ್ರತಿ ಸಲ ಒಂದಿಷ್ಟು ಸಾಮರ್ಥ್ಯ ಕಳ್ಕೊಂಡು.

ಒಂದು ಮಾತು. ಮೀಟರ್ ಸರಿಯಾದ ಅಂಕಿ ತೋರಿಸಿದ ಮಾತ್ರಕ್ಕೆ ಕೆಪಾಸಿಟರ್ ಚೆನ್ನಾಗಿದೆ ಅಂತ ಗ್ಯಾರಂಟಿ ಇಲ್ಲ. ಮೀಟರ್ ಅಳೆಯೋದು ಕೆಲವೇ ವೋಲ್ಟಿನಲ್ಲಿ. ಇನ್ನೂರು ಮುನ್ನೂರು ವೋಲ್ಟಿಗೆ ಸೋರೋದು ಅದಕ್ಕೆ ಕಾಣಿಸೋಲ್ಲ. ಅಂಕಿ ಕಡಿಮೆ ಬಂದ್ರೆ ಮಾತ್ರ ಅನುಮಾನವೇ ಬೇಡ, ಬದಲಾಯಿಸಿ.

ಅಂಗಡಿಗೆ ಮೀಟರ್ ತಗೊಂಡೇ ಹೋದೆ. ಹೊಸದು 2.46 ತೋರಿಸ್ತು, ಬೆಲೆ 70 ರೂಪಾಯಿ. ಅಂಗಡಿಯವರು ನಗಾಡಿದ್ರು, ಪರ್ವಾಗಿಲ್ಲ. ಸಂಜೆ ಫ್ಯಾನ್ ಹಾಕಿದಾಗ ಕ್ಯಾಲೆಂಡರ್ ಹಾಳೆ ಪಟಪಟ ಹೊಡ್ಕೊಳ್ತು. ಅಮ್ಮ ಮೇಲೆ ನೋಡಿ, "ಮಿಕ್ಸಿನೂ ಒಂಚೂರು ಅಳೆದು ನೋಡೋ" ಅಂದ್ಳು. ಅದಕ್ಕೆ ಈ ಥರ ಕೆಪಾಸಿಟರ್ ಇರೋಲ್ಲಮ್ಮ ಅಂದ್ರೆ ಕೇಳ್ತಾನೇ ಇಲ್ಲ.